ಜೈಂಟ್ ವೀಲ್ ಕಾಣುವ ಕಿಟಕಿ

"ಆ ರೈಲನ್ನ ಮೊದಲು ಕೆಳಗಿಡಿ."

ಅವನು ಬೆಚ್ಚಿ ತನ್ನ ಕೈ ನೋಡಿಕೊಂಡ. ಕೈಯಲ್ಲಿದ್ದದ್ದು ಸ್ಟೇಪ್ಲರ್.

"ಇದು... ರೈಲಾ?"

"ಹೌದು. ಒಳಗೆ ಇವರಿಬ್ಬರೂ ಕೂತಿದಾರೆ. ಈಗಷ್ಟೇ ಗಡಿ ದಾಟಿದೆ."

ಮೇಜಿನ ಎದುರು ಕೂತಿದ್ದ ಹೊಸ ಗಂಡಹೆಂಡತಿ ಕಿಸಕ್ಕನೆ ನಕ್ಕರು. ಕೈಲಿದ್ದ ಕಾಗದಗಳನ್ನು ಜೋಡಿಸೋಣ ಎಂದು ಪಾಪ ಸ್ಟೇಪ್ಲರ್ ಎತ್ತಿಕೊಂಡಿದ್ದ ಅವನು, ಅದನ್ನು ನಿದ್ದೆ ಹೋದ ಮಗುವನ್ನು ಇಳಿಸುವಂತೆ ಮೆಲ್ಲಗೆ ಮೇಜಿನ ಮೇಲಿಟ್ಟ. ಆಮೇಲೆ ತಲೆಯೆತ್ತಿ, ತನ್ನನ್ನು ಗದರಿದವಳನ್ನು ನೋಡಿದ.

ಅವಳಿಗೆ ಮುಂದಿನ ಸ್ಟೇಷನ್ನಿನ ಹೆಸರೇ ಮರೆತುಹೋಯಿತು!

ಆ ಟ್ರಾವೆಲ್ ಆಫೀಸಿನಲ್ಲಿ ಅವಳನ್ನು ಎಲ್ಲರೂ ರೈಲಕ್ಕ ಎಂದೇ ಕರೆಯುತ್ತಿದ್ದರು. ವಿದೇಶಕ್ಕೆ ಹೋಗುವವರಿಗೆ ಅಲ್ಲಿಯ ರೂಮು, ರೈಲು ಗೊತ್ತುಮಾಡಿಕೊಡುವುದು ಅವಳ ಕೆಲಸ. ಹಣ ಕಟ್ಟಿಸಿಕೊಳ್ಳುವ ಮೊದಲು ಗಿರಾಕಿಯನ್ನು ಕೂರಿಸಿಕೊಂಡು ಇಡೀ ಪ್ರಯಾಣವನ್ನು ಮೇಜಿನ ಮೇಲೆ ಒಮ್ಮೆ ಮಾಡಿ ಮುಗಿಸಬೇಕು ಎನ್ನುವುದು ಅಲ್ಲಿಯ ಪದ್ಧತಿ. ಸ್ಟೇಪ್ಲರ್ ರೈಲು. ಕಾಫಿ ಲೋಟ ಸ್ಟೇಷನ್ನು. ಗುಂಡುಪಿನ್ನಿನ ಡಬ್ಬಿ ಹೋಟೆಲು. ಥೀಮ್ ಪಾರ್ಕಿಗೆ ಹೋಗುವವರಾದರೆ ಗಮ್‌ಟೇಪಿನ ಸುರುಳಿಯನ್ನು ನೆಟ್ಟಗೆ ನಿಲ್ಲಿಸುವುದು; ಅದೇ ಅಲ್ಲಿಯ ಜೈಂಟ್ ವೀಲ್. ಗಿರಾಕಿ ಒಬ್ಬರೇ ಬಂದಿದ್ದರೆ ಜೊತೆಯವರ ಪಾತ್ರ ಅವಳದೇ.

ಊರಿಗೆಲ್ಲ ದಾರಿ ಹೇಳುವ ಈ ರೈಲಕ್ಕ ತಾನು ಮಾತ್ರ ಒಮ್ಮೆಯೂ ಗಡಿ ದಾಟಿರಲಿಲ್ಲ.

ಮದುಮಕ್ಕಳು ಎದ್ದುಹೋದ ಮೇಲೆ ಅವನು ಕೂತ. ಬೀದಿ ತುದಿಯ ಕನ್ನಡಕದಂಗಡಿ ತನ್ನದು ಎಂದ. ಅದೇ ಥೀಮ್ ಪಾರ್ಕಿಗೆ ತಾನೂ ಹೋಗಬೇಕು, ವಿಮಾನ ಇಳಿದಲ್ಲಿಂದ ರೈಲು ಬೇಕು, ಉಳಿಯಲು ರೂಮು ಬೇಕು ಎಂದ. ಮಾತು ಮೃದುವಾಗಿತ್ತು. ನಗುವಾಗ ಕಣ್ಣು ಮೊದಲು ನಗುತ್ತಿತ್ತು, ತುಟಿ ಆಮೇಲೆ.

'ದೇವರೇ, ಇವರು ಒಬ್ಬರೇ ಹೋಗೋರಾಗಿರಲಿ...' ಎಂದಿತು ಅವಳ ಮನಸ್ಸು. ಯಾಕೆ ಹಾಗಂದಿತು ಎಂದು ಅವಳಿಗೇ ತಿಳಿಯಲಿಲ್ಲ.

"ಎಷ್ಟು ಜನ?"

"ಇಬ್ಬರು."

ಒಂದೇ ಒಂದು ಮಾತು. ಎದೆಯಲ್ಲಿ ಮುಳ್ಳು ಮುರಿದಂತಾಯಿತು.

"ರೂಮಿನ ಕಿಟಕಿಯಿಂದ ಜೈಂಟ್ ವೀಲ್ ಕಾಣಬೇಕು," ಎಂದ ಅವನು. ತಡೆದು, ಮೆಲ್ಲಗೆ ಸೇರಿಸಿದ. "ಬೇರೆ ಏನಿಲ್ಲದಿದ್ರೂ ಪರವಾಗಿಲ್ಲ. ಅದೊಂದು ಇರಲಿ."

ಅದು ಯಾರ ಆಸೆ ಎಂದು ಅವಳು ಕೇಳಲಿಲ್ಲ. ಕೇಳುವುದೇನು? ಅವನ ದನಿಯೇ ಹೇಳುತ್ತಿತ್ತು.

ಅವತ್ತಿನಿಂದ ಅವನು ಮತ್ತೆ ಮತ್ತೆ ಬರತೊಡಗಿದ. ಫೋನಿನಲ್ಲಿ ಮುಗಿಯುವ ಮಾತಿಗೂ ಅಂಗಡಿ ಬಿಟ್ಟು ನಡೆದೇ ಬರುತ್ತಿದ್ದ. ಅವಳು ಸ್ಟೇಪ್ಲರ್ ಸರಿಸುತ್ತ, ಜೊತೆಯವರ ಪಾತ್ರ ಮಾಡುತ್ತ, ಈಗ ನನಗೆ ಹಸಿವಾಗುತ್ತಿದೆ, ರೈಲಿನಲ್ಲಿ ಏನು ಕೊಡಿಸುತ್ತೀರಿ ಎಂದು ಕೇಳುವಳು. ಏನೂ ಕೊಡಿಸುವಂತಿಲ್ಲ, ಹೊರಗಡೆ ತಿಂದರೆ ಅವರು ಬೈಯುತ್ತಾರೆ, ತಿಂಡಿ ಮನೆಯಿಂದಲೇ ಕಟ್ಟಿಕೊಂಡು ಬರುತ್ತಾರೆ ಎಂದು ಅವನು ನಗುವನು. ನಡುವೆ ಫೋನು ಬಂದರೆ, "ಊಟ ಮಾಡಿಬಿಡಿ, ನನಗೆ ಕಾಯಬೇಡಿ," ಎನ್ನುವನು.

'ಬಹುವಚನ ಬೇರೆ! ಎಷ್ಟೊಂದು ಮರ್ಯಾದೆ ನೋಡು ಮಹಾರಾಣಿಗೆ...'

ಒಂದು ಸಂಜೆ ಮನೆಗೆ ಹೋಗುತ್ತ ಅವಳು ಕನ್ನಡಕದಂಗಡಿಯ ಮುಂದೆ ನಿಂತಳು. ಗಾಜಿನಾಚೆ ಅವನು ಒಬ್ಬ ಚೆಂದದ ಹುಡುಗಿಗೆ ಹೊಸ ಕನ್ನಡಕ ತೊಡಿಸುತ್ತಿದ್ದ. ಕಿವಿಯ ಹಿಂದೆ ಬೆರಳಾಡಿಸಿ ಕಡ್ಡಿ ಸರಿಮಾಡಿದ. ಒಂದು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿ, ಮುಗುಳ್ನಕ್ಕ. ಕನ್ನಡಕ ಮಾರುವವನು ಕಿವಿ ಮುಟ್ಟದೆ ಕನ್ನಡಕ ಹಾಕುವುದಾದರೂ ಹೇಗೆ ಎಂದು ನಾವು ಕೇಳಬಹುದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

'ಇವಳೇ. ಮೆಟ್ಟಿಲು ಮೆಟ್ಟಿಲಿಗೂ ಕೈ ಹಿಡಿದು ಜೈಂಟ್ ವೀಲ್ ಹತ್ತೋಳು ಇವಳೇ!'

ಮರುದಿನ ರೈಲಕ್ಕ ತನ್ನ ವೃತ್ತಿಯಲ್ಲಿ ಎಂದೂ ಮಾಡದ ಕೆಲಸ ಮಾಡಿದಳು.

ಪಾರ್ಕಿನ ಪಕ್ಕದ ಹೋಟೆಲಿನಲ್ಲಿ ಜೈಂಟ್ ವೀಲಿನ ಕಡೆಯ ರೂಮುಗಳು ಬೇಕಾದಷ್ಟಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಹೋಟೆಲಿನವರು ಕೊಟ್ಟ ರೂಮನ್ನು ಇವಳು ಕೊಡಲಿಲ್ಲ. ಅಲ್ಲಿ ಎಲ್ಲ ತುಂಬಿಹೋಗಿದೆ ಎಂದು ಅವನಿಗೆ ಹೇಳಿದಳು. ಬದಲಿಗೆ ಎರಡು ಸ್ಟೇಷನ್ ಆಚೆ ಒಂದು ಸದ್ದಿಲ್ಲದ ಹೋಟೆಲು. ನೆಲಮಹಡಿಯಲ್ಲಿ, ಹಿಂಭಾಗದಲ್ಲಿ, ಗೋಡೆಯೊಂದನ್ನೇ ನೋಡಿಕೊಂಡಿರುವ ರೂಮು. ಹಾಸಿಗೆಗಳು ಬೇರೆ ಬೇರೆ, ನಡುವೆ ಒಂದು ಬೀರು! ವೇಗದ ರೈಲಿನ ಬದಲು ಹಳ್ಳಿಹಳ್ಳಿಗೂ ನಿಲ್ಲುವ ರೈಲು. ಸೀಟುಗಳು ಓಡಾಡುವ ದಾರಿಯ ಆಚೆಗೊಂದು, ಈಚೆಗೊಂದು.

'ಕೈ ಕೈ ಹಿಡ್ಕೊಂಡು ಕೂರಲಿ ಈಗ, ನೋಡೋಣ.'

ಪಕ್ಕದ ಮೇಜಿನ ವೀಸಾ ಮಾವ ಕಣ್ಣು ಕಿರಿದು ಮಾಡಿ ಅವಳ ಕಂಪ್ಯೂಟರ್ ನೋಡಿದರು. ವೀಸಾ ಕೆಲಸ ನೋಡಿ ನೋಡಿ ತಲೆ ನೆರೆತವರು, ಆಫೀಸಿಗೆಲ್ಲ ಮಾವ. ಇದೇನು ಜೋಡಿಯನ್ನು ಕಳಿಸುತ್ತಿದ್ದೀಯೋ, ವ್ಯಾಜ್ಯವಾಡುವ ದಾಯಾದಿಗಳನ್ನೋ ಎಂದು ಕೇಳಿದರು. ಅವಳು ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಳು.

ರೂಮು ತುಂಬಿದೆ ಎಂದು ಕೇಳಿದಾಗ ಅವನು ವಾದ ಮಾಡಲಿಲ್ಲ. ಗಮ್‌ಟೇಪಿನ ಸುರುಳಿಯನ್ನು ಒಮ್ಮೆ ಬೆರಳಿನಿಂದ ತಿರುಗಿಸಿ, "ಹೋಗಲಿ ಬಿಡಿ, ನೀವು ಪ್ರಯತ್ನ ಮಾಡಿರ್ತೀರಿ," ಎಂದಷ್ಟೇ ಅಂದ. ಆ ನಂಬಿಕೆ ಅವಳನ್ನು ಚುಚ್ಚಿತು. ಆದರೂ ಬಾಯಿ ಬಿಡಲಿಲ್ಲ... ಹೊಟ್ಟೆಕಿಚ್ಚು ಅಷ್ಟು ಬಲವಾಗಿತ್ತು.

ಕಡೆಯ ಸಲ ಮೇಜಿನ ಮೇಲೆ ಪ್ರಯಾಣ ಮಾಡುವ ದಿನ ಜೊತೆಯವರನ್ನೂ ಕರೆತರುತ್ತೇನೆಂದು ಅವನು ಹೇಳಿದ್ದ. ಅವಳು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು. ಸೋಲುವುದಾದರೂ ಅಂದವಾಗಿ ಸೋಲೋಣ ಎಂದು!

ಬಾಗಿಲು ತೆರೆಯಿತು. ಅವನು ತೋಳು ಹಿಡಿದು ಒಳಗೆ ಕರೆತಂದದ್ದು ಒಬ್ಬ ವಯಸ್ಸಾದ ಹೆಂಗಸನ್ನು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತಿಂಡಿಯ ಡಬ್ಬಿ.

ರೈಲಕ್ಕನ ಎದೆ ಹಗುರಾಗಿ ಹಾರಿತು. "ನಿಮ್ಮ ಅಮ್ಮನಾ?"

"ಅತ್ತೆ," ಎಂದ ಅವನು.

ಹಾರಿದ್ದು ಹಾಗೆಯೇ ಕೆಳಗೆ ಬಿತ್ತು. ಅತ್ತೆ ಇದ್ದಾರೆಂದರೆ ಹೆಂಡತಿ ಇರಲೇಬೇಕಲ್ಲ. ತಡೆಯುವ ಮೊದಲೇ ಪ್ರಶ್ನೆ ಬಾಯಿಂದ ಜಾರಿತ್ತು. "ನಿಮ್ಮ ಮನೆಯವರು ಬರಲ್ವಾ?"

ಅವನು ನೆಲ ನೋಡಿದ. ಉತ್ತರ ಕೊಟ್ಟವರು ಅತ್ತೆ. "ಅವಳಿಗೋಸ್ಕರಾನೇ ಹೋಗ್ತಿರೋದಮ್ಮ. ನನ್ನ ಮಗಳು ಹೋಗಿ ಎರಡು ವರ್ಷ ಆಯ್ತು."

ರೈಲಕ್ಕ ಸರ್ರನೆ ಎದ್ದು ನಿಂತಳು.

ಅತ್ತೆ ಮಾತ್ರ ಏನೂ ಆಗದವರಂತೆ ಕುರ್ಚಿ ಎಳೆದು ಕೂತು, ಎಲ್ಲಿ ನಿನ್ನ ರೈಲು, ಹೊರಡಿಸಮ್ಮ ಎಂದರು. ಅವಳು ಸ್ಟೇಪ್ಲರ್ ಸರಿಸಿದಳು. ನಿಧಾನದ ರೈಲು ಎಂದಾಗ ಅತ್ತೆಗೆ ಖುಷಿ. ಜೋರಾಗಿ ಓಡುವುದರಲ್ಲಿ ಕೂತರೆ ಅವರಿಗೆ ತಲೆ ಸುತ್ತುತ್ತದಂತೆ. ದಾರಿ ಪಕ್ಕದ ಸೀಟು ಎಂದಾಗ ಇನ್ನೂ ಖುಷಿ. ನೋಯುವ ಮಂಡಿ ಚಾಚಬಹುದು. ನೆಲಮಹಡಿಯ ರೂಮು, ಬೇರೆ ಹಾಸಿಗೆ, ಮರೆಗೆ ನಡುವೆ ಒಂದು ಬೀರು...

"ನನ್ನ ಮನಸ್ಸೊಳಗೆ ಹೊಕ್ಕು ನೋಡಿದ ಹಾಗಿದೆ," ಎಂದರು ಅತ್ತೆ. "ಯಾರಮ್ಮ ಇದನ್ನೆಲ್ಲ ಯೋಚನೆ ಮಾಡಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಬೆವರಿಲ್ಲದ ಹಣೆ ಒರೆಸಿಕೊಂಡಳು. ಕಕ್ಕಿದ ವಿಷವೆಲ್ಲ ಮುದುಕಿಯ ಪಾಲಿಗೆ ಔಷಧಿಯಾಗಿತ್ತು. ಒಂದನ್ನು ಬಿಟ್ಟು.

"ಆ ಕಿಟಕಿ ಒಂದು ಸಿಕ್ಕಿದ್ರೆ..." ಅತ್ತೆ ಗಮ್‌ಟೇಪಿನ ಸುರುಳಿ ನೋಡಿದರು. "ಕಾಯಿಲೆ ಮಲಗಿದಾಗ ಯಾವಾಗಲೂ ಹೇಳೋಳು. ಅಮ್ಮಾ, ನಂಗೆ ಅದನ್ನ ಹತ್ತೋಕೆ ಆಗಲ್ಲ, ಗೊತ್ತು. ಕಿಟಕಿಯಿಂದ ನೋಡಿದ್ರೆ ಸಾಕು ಅಂತ. ಇರಲಿ. ತುಂಬಿಹೋಗಿದ್ರೆ ನೀನೇನು ಮಾಡ್ತೀಯ."

ರೈಲಕ್ಕನಿಗೆ ಇನ್ನು ತಡೆಯಲಾಗಲಿಲ್ಲ.

"ತುಂಬಿರಲಿಲ್ಲ. ನಾನು ಸುಳ್ಳು ಹೇಳಿದೆ."

ಅವನು ತಲೆಯೆತ್ತಿದ. "ಯಾಕೆ?"

"ನಿಮ್ಮ ಜೊತೆ ಬರೋದು ಯಾರೋ... ಹುಡುಗಿ ಅಂದ್ಕೊಂಡೆ. ನನಗೆ ಹೊಟ್ಟೆ ಉರಿದುಹೋಯ್ತು. ಅಷ್ಟೇ. ಬೇರೆ ಕಾರಣ ಇಲ್ಲ."

ವೀಸಾ ಮಾವನ ಕೈಯಿಂದ ಸೀಲು ಜಾರಿ ಬಿತ್ತು. ಅವನು ಅವಳನ್ನೇ ನೋಡಿದ. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ಸಿಟ್ಟಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಅವಳು ಕೇಳಿದ್ದು ಅದೊಂದೇ," ಎಂದು ಹೇಳಿ ಎದ್ದು ಹೊರಗೆ ಹೋದ. ಅತ್ತೆ ತಿಂಡಿಯ ಡಬ್ಬಿ ಎತ್ತಿಕೊಂಡು ಹಿಂದೆಯೇ ಕುಂಟುತ್ತ ನಡೆದರು.

ಅವಳು ಕಣ್ಣೊರೆಸಿಕೊಂಡು ಪಾರ್ಕಿನ ಪಕ್ಕದ ಹೋಟೆಲಿಗೆ ಫೋನು ಹಚ್ಚಿದಳು. ಸುಳ್ಳು ಈಗ ನಿಜವಾಗಿತ್ತು. ಆ ಕಡೆಯ ರೂಮುಗಳೆಲ್ಲ ನಿಜಕ್ಕೂ ಹೋಗಿದ್ದವು. ಅವಳು ಕೇಳಿದಳು, ಕಾಡಿದಳು, ಗೊತ್ತಿದ್ದವರಿಂದ ಹೇಳಿಸಿದಳು, ಮತ್ತೆ ಕಾಡಿದಳು. ಹಾಗೆ ಕಾಡುವಾಗಲೂ ಒಳಗೆ ಒಂದು ಕಿಡಿ ಆರಿರಲಿಲ್ಲ. ಸತ್ತವಳ ಮೇಲೂ ಹೊಟ್ಟೆಕಿಚ್ಚೇ! ಇಷ್ಟು ಪ್ರೀತಿ ಪಡೆದು ಹೋದಳಲ್ಲ ಎಂದು... ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಫೋನು ಕೆಳಗಿಡಲಿಲ್ಲ.

ಮಾರನೆಯ ಮಧ್ಯಾಹ್ನ ಅವಳು ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದಳು. ಅತ್ತೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಅವನು ಗಾಜು ಒರೆಸುತ್ತಿದ್ದವನು ಕೈ ನಿಲ್ಲಿಸಿದ.

ಅವಳು ನಿಂತಲ್ಲಿಂದಲೇ ಒಪ್ಪಿಸಿದಳು. ಒಂದೇ ಒಂದು ರೂಮು ಸಿಕ್ಕಿದೆ, ಹಾಸಿಗೆಯ ಪಕ್ಕದಲ್ಲೇ ಕಿಟಕಿ, ಎದುರಿಗೇ ಜೈಂಟ್ ವೀಲ್, ಲಿಫ್ಟ್ ಇದೆ. ಆದರೆ ಅದು ಮೂವರ ರೂಮು. ಮೂರನೆಯ ಹಾಸಿಗೆ ಸುಮ್ಮನೆ ಖಾಲಿ ಇರುತ್ತದೆ, ಬೇಜಾರು ಮಾಡಿಕೊಳ್ಳಬಾರದು. ಇಷ್ಟು ಹೇಳಿ ತಿರುಗಿದಳು.

"ನಿಲ್ಲಮ್ಮ," ಎಂದರು ಅತ್ತೆ. "ನೀನು ಆ ಊರು ನೋಡಿದೀಯಾ?"

"ಮೇಜಿನ ಮೇಲೆ ಮಾತ್ರ."

"ಹಾಗಾದ್ರೆ ಅದು ಯಾಕೆ ಖಾಲಿ ಇರಬೇಕು? ಆ ರೂಮಲ್ಲಿ ನಾನೂ ನೀನೂ ಇರೋಣ. ನನ್ನ ಅಳಿಯನಿಗೆ ನೀನು ಹುಡುಕಿದ್ಯಲ್ಲ, ಎರಡು ಸ್ಟೇಷನ್ ಆಚೆ, ಗೋಡೆ ನೋಡೋ ರೂಮು. ಅಲ್ಲಿ ಬಿದ್ದಿರಲಿ."

"ಅತ್ತೆ!" ಎಂದ ಅವನು.

"ಏನು ಅತ್ತೆ? ಊಟಕ್ಕೆ ಬಾ ಅಂತ ನಾನು ಫೋನು ಮಾಡಿದಾಗೆಲ್ಲ ಟ್ರಾವೆಲ್ ಆಫೀಸಲ್ಲೇ ಕೂತಿರ್ತಿದ್ದೋನು ನೀನು. ನನಗೇನು ಕಣ್ಣು ಕಾಣಲ್ವಾ? ಕನ್ನಡಕ ಹಾಕಿದೋನು ನೀನೇ ಅಲ್ವಾ." ನಗುತ್ತ ಅವಳ ಕಡೆ ತಿರುಗಿದರು. "ಈ ವಯಸ್ಸಲ್ಲಿ ನನ್ನ ಮೇಲೂ ಹೊಟ್ಟೆಕಿಚ್ಚು ಪಡೋರು ಇದಾರಲ್ಲಮ್ಮ. ರಾತ್ರಿಯೆಲ್ಲ ನಕ್ಕೆ ನಾನು."

ಆಮೇಲೆ ಕಣ್ಣಂಚು ಒರೆಸಿಕೊಂಡು, ಇನ್ನೇನೋ ನೆನಪಾದವರಂತೆ ಒಳಗೆ ಹೋದರು. ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಮೊದಲೇ ಹೇಳಬೇಕಿತ್ತು," ಎಂದ ಅವನು. "ಹೆಂಡತಿ ಹೋದಳು ಅಂದ ತಕ್ಷಣ ಎಲ್ಲರ ದನಿ ಬದಲಾಗುತ್ತೆ. ನೀವು ನನಗೆ ರೈಲು ಕೆಳಗಿಡಿ ಅಂತ ಗದರಿದ್ರಿ. ಎಷ್ಟೋ ದಿನದ ಮೇಲೆ ಒಬ್ಬರು ನನ್ನನ್ನ ಗದರಿದ್ದು. ಅದನ್ನ ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ."

ಅವಳ ಕಣ್ಣಿಂದ ನೀರು ಇಳಿಯಿತು.

"ಆ ಕಿಟಕಿ ಹತ್ತಿರ ನಿಂತಾಗ ನನಗೆ ಅವಳ ನೆನಪಾಗುತ್ತೆ," ಎಂದ ಮೆಲ್ಲಗೆ. "ಆಗಲೂ ಹೊಟ್ಟೆ ಉರಿಯುತ್ತಾ?"

ಇನ್ನೊಮ್ಮೆ ಸುಳ್ಳು ಹೇಳುವುದು ಅವಳಿಂದ ಸಾಧ್ಯವಿರಲಿಲ್ಲ.

"ಸ್ವಲ್ಪ ಉರಿಯಬಹುದು. ಆದರೆ ಆ ಕಿಟಕಿಗೆ ನಾನು ಇನ್ಯಾವತ್ತೂ ಅಡ್ಡ ನಿಲ್ಲಲ್ಲ."

ಅವನ ಕಣ್ಣು ತುಂಬಿತು. ಕನ್ನಡಕದ ಡಬ್ಬಿಯೊಂದನ್ನು ತೆಗೆದು ಗಾಜಿನ ಮೇಜಿನ ಮೇಲಿಟ್ಟ. ಈಚೆ ತುದಿಯಿಂದ ಅವಳ ಕಡೆಗೆ ನಿಧಾನವಾಗಿ ತಳ್ಳಿದ. ಒಂದು ಕಡೆ ನಿಲ್ಲಿಸಿದ. ಮತ್ತೆ ತಳ್ಳಿದ. ಇನ್ನೊಂದು ಕಡೆ ನಿಲ್ಲಿಸಿದ. ಡಬ್ಬಿ ಬಂದು ಅವಳ ಬೆರಳಿಗೆ ತಾಗಿತು.

"ದಿನಾ ಬೆಳಿಗ್ಗೆ ಮೊದಲನೇ ರೈಲಿಗೆ, ಎರಡು ಸ್ಟೇಷನ್ ದಾಟಿ ಹೀಗೆ ಬರ್ತೀನಿ," ಎಂದ. "ಒಂದು ಮಾತು ಕೇಳಲಾ? ನೀವು ಬಂದವರೆಲ್ಲರ ಜೊತೆಗೂ ಮೇಜಿನ ಮೇಲೆ ಹೀಗೇ ಊರು ಸುತ್ತುತ್ತೀರಾ?"

"ಅದು ನನ್ನ ಕೆಲಸ."

"ಗೊತ್ತು. ಆದರೂ ಅವತ್ತು ನನ್ನ ಸರದಿಗೆ ಕಾಯ್ತಾ ನಿಂತು ನೋಡ್ತಿದ್ದೆ, ಆ ಮದುಮಗ ನಿಮ್ಮ ಸ್ಟೇಪ್ಲರ್ ತಳ್ತಿದ್ದಾಗ ನನಗೆ ಹೊಟ್ಟೆ ಉರೀತು. ಕಾಗದ ಜೋಡಿಸೋ ನೆಪದಲ್ಲಿ ಎತ್ತಿಕೊಂಡುಬಿಟ್ಟೆ."

ಅವಳು ಅಳುತ್ತಲೇ ನಕ್ಕಳು.

"ಹಾಗಾದ್ರೆ ಗೋಡೆ ನೋಡೋ ರೂಮು ನಿಮಗೆ ಸರಿಯಾಗಿದೆ."

"ಸರಿಯಾಗಿದೆ. ರೈಲು ಬರೋ ಹೊತ್ತಿಗೆ ನೀವು ಸ್ಟೇಷನ್ನಲ್ಲಿ ಇರ್ತೀರಾ?"

ಅವಳು ಡಬ್ಬಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಬಂದಿದೀನಲ್ಲ."