ಬಗಲಲ್ಲಿದ್ದ ಚಪ್ಪಲಿ

ತಾನು ಮನಸ್ಸಿಟ್ಟು ಹೊಲಿದ ಚಪ್ಪಲಿ ದತ್ತಪ್ಪನ ಕಾಲಲ್ಲಿರದೆ ಬಗಲಲ್ಲಿರುವುದನ್ನು ಕಂಡು ಮಾನಮ್ಮನಿಗೆ ಮೈಯೆಲ್ಲ ಉರಿಯಿತು. ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರ ಅವಳಪ್ಪ ಅಂಬಣ್ಣನ ಚಪ್ಪಲಿ ಅಂಗಡಿ. ನಿಜಾಮನ ಕಾಲ ಅದು; ದತ್ತಪ್ಪ ಕಮಲಾಪುರದ ಧಣಿಯ ಜೀತದಾಳು. ಕೆಂಪು ಬಾಳೆಗೊನೆಯ ಬಂಡಿ ಹೊಡೆದುಕೊಂಡು ಪೇಟೆಗೆ ಬರುತ್ತಿದ್ದ.

"ಚುಚ್ಚತಾವೇನು?"

"ಇಲ್ಲ, ಭಾಳ ಮೆತ್ತಗದಾವ."

"ಮತ್ತ ಬಗಲಾಗ ಯಾಕ? ಕೂಸೇನು?"

ಅವನು ನಕ್ಕ. ಹಾಳು ನಗು! ಅವಳ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು.

"ಜೀತದವ್ರು ಧಣಿ ಮನಿ, ಆ ವಾಡೆದ ಮುಂದ ಬರಿಗಾಲಾಗೇ ನಡೀಬೇಕು, ಮಾನಾ. ಇಲ್ಲಿ ಹಾಕ್ಕೊಂಡು ರೂಢಿ ಬಿದ್ರ, ಅಲ್ಲಿ ಬಿಚ್ಚೂದು ಮರೀತೀನಿ." ಅವನ ದನಿ ಇಳಿಯಿತು. "ನನ್ನ ಲಗ್ನ ಆದಾಕಿನೂ ಆ ವಾಡೆದ ಸಗಣಿ ಬಾಚಬೇಕು. ಅದಕ್ಕ ನಿನ್ನ ಕೇಳಂಗಿಲ್ಲ ನಾ."

ಕೇಳದಿದ್ದರೂ ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲಲಿಲ್ಲ.

ಆ ಮಳೆಗಾಲದಲ್ಲೇ ಕಮಲಾಪುರದ ಜೀತದವರೆಲ್ಲ ಕುಡುಗೋಲು ಕೆಳಗಿಟ್ಟು ತೋಟದಲ್ಲೇ ಕೂತುಬಿಟ್ಟರು. ಮುಂದಾಳು ದತ್ತಪ್ಪ. ಸುದ್ದಿ ಕೇಳಿದ ಮಾನಮ್ಮನಿಗೆ ಹೆಮ್ಮೆಯೂ ಹೌದು, ಜೀವ ಬಾಯಿಗೆ ಬಂದದ್ದೂ ಹೌದು. ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ಧಣಿ ವಾಡೆಗೆ ಬೀಗ ಜಡಿದು ಊರು ಬಿಟ್ಟ.

ದಾರಿ ತೆರವಾದದ್ದೇ ತಡ, ಮಾನಮ್ಮ ಅಪ್ಪನನ್ನು ಎಬ್ಬಿಸಿಕೊಂಡು ಕಮಲಾಪುರದ ಮೋಟಾರು ಹತ್ತಿದಳು.

ಚಾವಡಿಯ ಮೇಲೆ ತ್ರಿವರ್ಣ ಧ್ವಜ, ಕೆಳಗೆ ಜನವೋ ಜನ. ಅಗೋ, ದತ್ತಪ್ಪ! ಕಾಲಲ್ಲಿ ಚಪ್ಪಲಿ! ಅವಳಿಗೆ ಕುಣಿಯಬೇಕೆನಿಸಿತು.

ಬೀಗ ಹಾಕಿದ ವಾಡೆಯ ಮುಂದೆ ಬಂದವನು ತಟ್ಟನೆ ಬಗ್ಗಿ, ಚಪ್ಪಲಿ ಬಿಚ್ಚಿ, ಬಗಲಿಗೆ ಸಿಕ್ಕಿಸಿಕೊಂಡ.

"ಬೀಗಕ್ಕೂ ಹೆದರ್ತೀಯೇನು?" ಮಾನಮ್ಮ ಜನರ ನಡುವಿನಿಂದ ಕೂಗಿದಳು.

ದತ್ತಪ್ಪ ತನ್ನ ಕಾಲು ನೋಡಿಕೊಂಡು ತಾನೇ ಬೆಚ್ಚಿದ. "ಕೈ ತಾನ ಹೋತು, ಮಾನಾ." ಅವನ ಕಣ್ಣು ತುಂಬಿದ್ದವು. ಅವಳಿಗೂ ಅಳು ಬಂತು.

ಬಗಲಿನ ಚಪ್ಪಲಿ ಕಿತ್ತುಕೊಂಡು ವಾಡೆಯ ಬಾಗಿಲೆದುರೇ ಇಟ್ಟಳು. "ಹಾಕ್ಕೋ. ನಾ ನೋಡಬೇಕು."

ಅವನು ಮೆಟ್ಟಿದ. ಆ ಬಾಗಿಲಿನ ಮುಂದೆ ಅತ್ತ ನಡೆದ, ಇತ್ತ ನಡೆದ. ಚಪ್ಪಲಿ ಕಿರ್ರ್ ಕಿರ್ರ್ ಎನ್ನುತ್ತಿತ್ತು. ನಡೆಯುತ್ತ ನಡೆಯುತ್ತ ಅವಳ ಮುಂದೆಯೇ ಬಂದು ನಿಂತ.

"ಈಗ ಕೇಳ್ತೀನಿ. ವಾಡೆಕ್ಕಲ್ಲ, ನನ್ನ ಮನಿಗಿ ಬರ್ತೀಯೇನು?"

ಅಂಬಣ್ಣ ಕೆಮ್ಮಿದ. ಮಾನಮ್ಮ ಕೆಂಪಾದಳು, ಆದರೂ ಕಣ್ಣು ಕೆಳಗಿಳಿಸಲಿಲ್ಲ.

"ಅಷ್ಟು ಸಪ್ಪಳ ಮಾಡೂ ತೊಗಲು ಸುಮ್ನ ಹಾಕೀನೇನು? ನೀ ಮನಿಗಿ ಬರೂದು ನನಗ ಒಲಿ ಮುಂದ ಕುಂತಲ್ಲೇ ಕೇಳಬೇಕು."