ತೊರೆಯಲ್ಲಿಟ್ಟ ಅಣ್ಣ

"ಆ ಮಣ್ಣಿಗೆ ಮನುಷ್ಯನ ರೂಪ ಕೊಡಬೇಡ ಕಣೋ. ಕೆಡಿಸಿಬಿಡು ಅದನ್ನ. ಈಗಲೇ."

ಮೊರಾಗಜ್ಜಿಯ ದನಿ ನಡುಗುತ್ತಿತ್ತು. ಕುಲುಮೆಯ ಬಿರುಕಿಗೆ ಮೆತ್ತಲು ತೊರೆಯಿಂದ ತಂದ ಜೇಡಿಮಣ್ಣಿನಲ್ಲಿ ಫರ್ಗಸ್ ಸುಮ್ಮನೆ ಕೈಯಾಡಿಸುತ್ತ ಒಂದು ಗೊಂಬೆ ಮಾಡಿದ್ದ.

"ಯಾಕಜ್ಜಿ, ಎದ್ದು ಬಂದು ನಿನ್ನ ಗಂಜಿ ಕುಡಿದುಬಿಡುತ್ತಾ?"

"ನಗಬೇಡ. ಸ್ಕಾಟ್ಲೆಂಡಲ್ಲಿ ನಮ್ಮ ಬೆಟ್ಟದ ಸೀಮೇಲಿ ಆಗದವರ ಗೊಂಬೆ ಮಾಡಿ, ಮುಳ್ಳು ಚುಚ್ಚಿ, ಹರಿಯೋ ನೀರಲ್ಲಿ ಇಡ್ತಿದ್ರು. ಮಣ್ಣು ಕರಗಿದ ಹಾಗೇ ಆ ಮನುಷ್ಯಾನೂ ಕರಗ್ತಾನೆ. ಕಣ್ಣಾರೆ ಕಂಡಿದೀನಿ."

"ಇಲ್ಲಿಗೆ ಬರೋಕೆ ಆ ದೆವ್ವಗಳಿಗೆಲ್ಲ ಹಡಗಿನ ಟಿಕೆಟ್ ತೆಗೆಸಿಕೊಟ್ಟೋರು ಯಾರಜ್ಜಿ?" ಎಂದು ನಕ್ಕು ಫರ್ಗಸ್ ಗೊಂಬೆಯನ್ನು ಹಿಚುಕಿ ಬಿರುಕಿಗೆ ಮೆತ್ತಿದ.

ಫರ್ಗಸ್ ಗಿಲ್ಕ್ರಿಸ್ಟ್ ಸ್ಕಾಟ್ಲೆಂಡಿನ ಪರ್ತ್ ಪಟ್ಟಣದಿಂದ ಕಡಲಾಚೆಯ ಒಟಾಗೊ ಸೀಮೆಯ ಈ ಕಣಿವೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಣ್ಣ ಡೂಗಲ್ ಮೊದಲೇ ಬಂದವನು. ಚಿನ್ನದ ಗಣಿಗಳ ದಾರಿಯಲ್ಲಿ ಗಾಡಿ, ಗಾಲಿ ಮಾಡುವ ಅಂಗಡಿ ಹಾಕಿ, ಮೊರಾಗಜ್ಜಿಯ ಮಗಳು ಎಲ್ಸ್‌ಪೆತ್‌ಳನ್ನು ಮದುವೆಯಾಗಿ ನೆಲೆನಿಂತಿದ್ದ. ಅವನು ಕೆಲಸ ಕಲಿಯುವುದನ್ನು ಅರ್ಧಕ್ಕೇ ಬಿಟ್ಟು ಹಡಗು ಹತ್ತಿದವನು. ಫರ್ಗಸ್ ಒಳ್ಳೆಯ ಮೇಸ್ತ್ರಿಯ ಕೈಕೆಳಗೆ ಪೂರಾ ಪಳಗಿದವನು. ಆದರೂ ಕಣಿವೆಯಲ್ಲಿ ಅವನಿಗೊಂದು ಹೆಸರಿರಲಿಲ್ಲ. ಗಾಡಿ ಹೊಡೆಯುವವರಿಗೆ, ಕುರಿ ಕಾಯುವವರಿಗೆ, ಪಾದ್ರಿಗೆ ಕೂಡ ಅವನು 'ಡೂಗಲ್‌ನ ತಮ್ಮ'.

ಉಣ್ಣೆ ಕತ್ತರಿಸುವ ಕಾಲಕ್ಕೆ ಮೇಲಿನ ಕುರಿಹಟ್ಟಿಯ ಯಜಮಾನ ಬಾಲ್ಫರ್ ಒಂದು ದೊಡ್ಡ ಗಾಡಿ ಮಾಡಿಸಿದ. ಗಾಲಿಯ ನಡುವಿನ ಗುಂಬ ಕೊರೆದವನು, ಅದರ ಸುತ್ತ ಅರಗಳ ಕಡ್ಡಿ ಕೂರಿಸಿದವನು, ಹೊಗೆಯಲ್ಲಿ ಕಣ್ಣು ಸುಟ್ಟುಕೊಂಡು ಕಬ್ಬಿಣದ ಪಟ್ಟಿ ಬಿಗಿದವನು ಫರ್ಗಸ್. ಬಾಲ್ಫರ್ ಬಂದು ಗಾಲಿಯನ್ನು ತಟ್ಟಿ ನೋಡಿ, "ಇಂಥ ಕೈ ಈ ಸೀಮೇಲೇ ಇಲ್ಲ ಡೂಗಲ್!" ಎಂದ.

ಡೂಗಲ್ ತಮ್ಮನ ಹೆಗಲ ಮೇಲೆ ಕೈ ಹಾಕಿ ನಕ್ಕ. "ನನ್ನ ತಮ್ಮಾನೂ ಸ್ವಲ್ಪ ಕೈ ಜೋಡಿಸಿದಾನೆ ಸ್ವಾಮಿ."

ಸ್ವಲ್ಪ! ಊಟಕ್ಕೆ ಕೂತಾಗ ಎಲ್ಸ್‌ಪೆತ್ ಗಂಡನನ್ನು ಕಣ್ತುಂಬ ನೋಡುತ್ತ ಕುರಿಮಾಂಸದ ಒಳ್ಳೆಯ ತುಂಡನ್ನು ಅವನ ತಟ್ಟೆಗೇ ಬಡಿಸಿದಳು. ಫರ್ಗಸ್ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೊಟ್ಟೆಯೊಳಗೆ ಕೆಂಡ ಮಗುಚಿದಂತಾಯಿತು.

ಹೊತ್ತು ಮುಳುಗುವಾಗ ಅವನು ತೊರೆಗೆ ಇಳಿದ. ದಡದ ನಾರುಗಿಡಗಳು ಕೊಳೆತ ವಾಸನೆ, ತಣ್ಣನೆಯ ಕೆಸರಿನ ವಾಸನೆ. ಮಣ್ಣು ಕೈಗೆ ಬರುವುದೇ ತಡ, ಬೆರಳುಗಳು ತಾವೇ ಕೆಲಸಕ್ಕಿಳಿದವು. ಅಣ್ಣನ ಇಳಿದ ಹೆಗಲು. ಅಣ್ಣನ ಸೊಟ್ಟ ಮೂಗು. ಪೊದೆಯಿಂದ ಒಂದು ಉದ್ದ ಮುಳ್ಳು ಮುರಿದು ಗೊಂಬೆಯ ಬಲಗೈಗೆ ಚುಚ್ಚಿದ. "ಈಗ ಜೋಡಿಸು ಕೈಯ," ಎಂದು ನಕ್ಕ. ಬರೀ ತಮಾಷೆ ಎಂದುಕೊಂಡ. ಆದರೆ ಅದನ್ನು ನೀರಿನೊಳಗೆ ಕಲ್ಲಿನ ಸಂದಿಗೆ ಸೇರಿಸುವ ಮುನ್ನ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದ.

ಮರುದಿನ ಡೂಗಲ್‌ನ ಕೈಯಿಂದ ಮರ ಕೆತ್ತುವ ಬಾಚಿ ಜಾರಿ ಬಿತ್ತು.

ಮೊದಲು ಬಲಗೈಯ ಬೆರಳುಗಳು ಮರಗಟ್ಟಿದವು. ಆಮೇಲೆ ತೋಳು ಸೊರಗಿತು. ಪಟ್ಟಣದ ವೈದ್ಯರು ವಾತ ಎಂದು ಎಣ್ಣೆ ಕೊಟ್ಟು ಹೋದರು. ಬೆಂಕಿಯ ಪಕ್ಕದಲ್ಲೇ ಮಲಗಿಸಿದರೂ ಹಾಸಿಗೆ ಒದ್ದೆಯಾಗುತ್ತಿತ್ತು. ಆ ಕೋಣೆಯಲ್ಲಿ ಔಷಧಿಯ ವಾಸನೆ ಇರಲಿಲ್ಲ. ಹಸಿ ಜೇಡಿಮಣ್ಣಿನ ವಾಸನೆ ಇತ್ತು.

ಅಂಗಡಿಯ ಕೆಲಸವೆಲ್ಲ ಫರ್ಗಸ್‌ನ ಪಾಲಾಯಿತು. ಜನ ಅವನ ಹೆಸರು ಹಿಡಿದು ಕರೆಯತೊಡಗಿದರು. ಒಂದು ದಿನ ಅವನು ಹೆದರಿ ತೊರೆಗೆ ಓಡಿದ. ನೀರಿನಡಿಯಲ್ಲಿ ಗೊಂಬೆಯ ಬಲಗೈ ಕರಗಿಹೋಗಿತ್ತು, ಮುಳ್ಳು ಮಾತ್ರ ಹೆಗಲಿಗೆ ಸಿಕ್ಕಿಕೊಂಡಿತ್ತು. ತೆಗೆಯಲೆಂದು ಬಗ್ಗಿದ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವನೊಬ್ಬ ಜೊತೆಯವನಿಗೆ ಕೂಗಿ ಹೇಳಿದ್ದು ಕೇಳಿಸಿತು: "ಇದು ಫರ್ಗಸ್ ಮಾಡಿದ ಗಾಲಿ ಕಣಯ್ಯ, ಕಲ್ಲಿಗೂ ಜಗ್ಗಲ್ಲ!"

ಫರ್ಗಸ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ನಾಳೆ ತೆಗೆದರಾಯಿತು ಎಂದುಕೊಂಡ.

ಆ ನಾಳೆ ಬರುತ್ತಲೇ ಇತ್ತು, ಅವನು ತೆಗೆಯಲಿಲ್ಲ. ಕೊನೆಗೆ ಬೆಟ್ಟದ ಮೇಲೆ ಮಳೆ ಕಟ್ಟಿತು. ತೊರೆಯ ಸದ್ದು ಅಂಗಡಿಯವರೆಗೂ ಬಂತು. ಒಳಗಿನಿಂದ ಎಲ್ಸ್‌ಪೆತ್ ಚೀರಿದಳು.

ಡೂಗಲ್‌ನ ಮುಖ ಸವೆಯುತ್ತಿತ್ತು. ಸೊಟ್ಟ ಮೂಗು ಇರಲಿಲ್ಲ. ಹುಬ್ಬಿನ ಗುರುತಿರಲಿಲ್ಲ. ತುಟಿಗಳು ಒಂದರೊಳಗೊಂದು ಕಲೆಯುತ್ತಿದ್ದವು. ಎದೆಯೊಳಗೆ ನೀರು ಹರಿಯುವ ಸದ್ದು. ಅವನು ಎಡಗೈಯಿಂದ ತಮ್ಮನ ಅಂಗಿ ಹಿಡಿದೆಳೆದ.

"ಆ ಗಾಡಿ... ನಿಂದೇ ಅಂತ ಹೇಳ್ಬೇಕಿತ್ತು ಕಣೋ. ನಂಗೆ... ಹೊಟ್ಟೆಕಿಚ್ಚಾಯ್ತು. ನಿನ್ನ ಕೈ ನೋಡಿ."

ಫರ್ಗಸ್ ಓಡಿದ. ಹಗಲೇ ಕತ್ತಲಾಗಿತ್ತು. ಹುಲ್ಲು ಜಾರುತ್ತಿತ್ತು. ಬಿದ್ದ. ಎದ್ದ. ತೊರೆ ಕಂದಾಗಿ ಭೋರ್ಗರೆಯುತ್ತಿತ್ತು. ದಡದಲ್ಲಿ ಯಾರೋ ನಿಂತಿದ್ದರು. ಮೊರಾಗಜ್ಜಿ.

"ಆ ಮಣ್ಣಿನ ವಾಸನೆಗೇ ಗೊಂಬೆ ಅಂತ ತಿಳೀತು. ಮಾಡಿದೋನು ನೀನೇ ಅಂತ ಈಗ ಗೊತ್ತಾಯ್ತು," ಎಂದಳು. "ನಾನು ತೆಗಿಯೋ ಹಾಗಿಲ್ಲ. ಮಾಡಿದ ಕೈಯೇ ತೆಗೀಬೇಕು. ತೆಗೆದ ಕೈ ಉಳಿಯಲ್ಲ."

"ಉಳಿಯಲ್ಲ ಅಂದ್ರೆ?"

ಮುದುಕಿ ನೀರಿನತ್ತ ಬೆರಳು ಮಾಡಿದಳು.

ಅವನು ತನ್ನ ಬಲಗೈ ನೋಡಿಕೊಂಡ. ಆಮೇಲೆ ನೀರಿಗಿಳಿದ. ಸೊಂಟದವರೆಗೆ. ಎದೆಯವರೆಗೆ. ಕಲ್ಲು ಸಿಕ್ಕಿತು. ಸಂದಿ ಸಿಕ್ಕಿತು. ಏನೋ ಮೆತ್ತಗೆ ತಗುಲಿತು. ಬೆಚ್ಚಗಿತ್ತು. ಅದು ಉಸಿರಾಡುತ್ತಿತ್ತು. ಹಿಡಿದ. ಅದೂ ಹಿಡಿಯಿತು. ಮುಳ್ಳು ಅಂಗೈಗೆ ಇಳಿಯಿತು. ಮೊಣಕೈವರೆಗೆ ಚಳಿ. ಹೆಗಲವರೆಗೆ ಚಳಿ. ಕೂಗಲು ಬಾಯಿ ತೆರೆದ. ಬಾಯಿ ತುಂಬ ಕೆಸರು. ಬಿಡಲಿಲ್ಲ. ಮೊರಾಗಜ್ಜಿ ಅವನ ಕೂದಲು ಹಿಡಿದು ದಡಕ್ಕೆಳೆದಳು.

ಮುಷ್ಟಿ ಬಿಚ್ಚಿದಾಗ ಅದರಲ್ಲಿ ಬರೀ ಒಂದು ಹಿಡಿ ಮಣ್ಣಿತ್ತು. ಆ ಕೈ ಮತ್ತೆಂದೂ ಮುಚ್ಚಲಿಲ್ಲ.

ಡೂಗಲ್ ಬದುಕಿದ. ಚಳಿಗಾಲ ಕಳೆಯುವಷ್ಟರಲ್ಲಿ ಮುಖ ಮರಳಿತು, ತೋಳು ತುಂಬಿತು. ತಮ್ಮನ ಕೈ ಹೋದದ್ದು ಪ್ರವಾಹದಲ್ಲಿ ಎಂದೇ ಅವನು ನಂಬಿದ್ದ. ಮೊರಾಗಜ್ಜಿ ಬಾಯಿ ಬಿಡಲಿಲ್ಲ. ಬಾಲ್ಫರ್‌ನ ಗಾಡಿ ಮಾಡಿದವನು ಫರ್ಗಸ್ ಎಂದು ಡೂಗಲ್ ಚರ್ಚಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿದ. ಜನ ಫರ್ಗಸ್‌ನ ಒಣಗಿದ ತೋಳು ನೋಡಿ ಅಯ್ಯೋ ಎಂದರು.

ಗಿಲ್ಕ್ರಿಸ್ಟ್ ಮನೆತನದ ಹೆಸರು ಒಟಾಗೊ ತುಂಬ ಹಬ್ಬಿದ್ದು ಆಮೇಲೆ. ಡೂಗಲ್ ಮಾಡಿದ ಗಾಲಿಗಳಲ್ಲಿ ಈಗ ಅರದ ಸಂದಿಗೆ ಕೂದಲೂ ತೂರುತ್ತಿರಲಿಲ್ಲ. "ಕಾಯಿಲೆ ಬಿದ್ದು ಎದ್ದ ಮೇಲೆ ಇವರ ಕೈಗೆ ಅದೇನು ಬಂತೋ ನೋಡು ಮೈದುನ!" ಎನ್ನುತ್ತಿದ್ದಳು ಎಲ್ಸ್‌ಪೆತ್.

ಅಂಗಡಿಯ ಮೂಲೆಯಲ್ಲಿ ಎಡಗೈಯಿಂದ ಕುಲುಮೆಯ ತಿದಿ ಒತ್ತುತ್ತ ಕೂತ ಫರ್ಗಸ್ ಕಣ್ಣುಮುಚ್ಚಿ ಕೇಳುತ್ತಿದ್ದ. ಅಣ್ಣನ ಕೈಯ ಬಾಚಿ ಎರಡು ಸಲ ಹಗುರಾಗಿ ತಟ್ಟಿ, ಮೂರನೆಯದು ಓರೆಯಾಗಿ ಬೀಳುತ್ತಿತ್ತು. ಅಣ್ಣನಿಗೆ ಮೊದಲು ಎಂದೂ ಬಾರದಿದ್ದ ಪೆಟ್ಟು ಅದು. ಪರ್ತ್‌ನಲ್ಲಿ ಬೆರಳು ಕೊಯ್ದುಕೊಂಡು ತಾನು ಕಲಿತ ಪೆಟ್ಟು.

"ಹೇಗಿದೆ ನೋಡೋ," ಎಂದು ಡೂಗಲ್ ಹೊಸ ಗಾಲಿಯನ್ನು ಪ್ರೀತಿಯಿಂದ ಅವನತ್ತ ಉರುಳಿಸಿದ.

"ಚೆನ್ನಾಗಿದೆ ಅಣ್ಣಾ," ಎಂದ ಫರ್ಗಸ್. ಅವನ ಹೊಟ್ಟೆಯೊಳಗೆ ಕೆಂಡ ಇನ್ನೂ ಉರಿಯುತ್ತಿತ್ತು.