ಮುಂದಕ್ಕೆ ಹೋದ ದಿನ

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಾನು ಪೊಲೀಸಲ್ಲ, ವಕೀಲಳೂ ಅಲ್ಲ. ಸಂಜೆ ತರಗತಿಯಲ್ಲಿ ಆಕಳಿಸುತ್ತ ಓದಿ ಪಾಸಾದವಳು. ಯಾವ ಕೆಲಸ ಯಾವತ್ತು ಮುಗಿಯಬೇಕು ಎಂದು ಕಾರ್ಖಾನೆಯವರಿಗೆಲ್ಲ ನೆನಪಿಸುವುದು ನನ್ನ ಉದ್ಯೋಗ. ಅದಕ್ಕೇ ನನಗೆ ‘ಗಡುವಮ್ಮ’ ಎಂಬ ಹೆಸರು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಚ್ಚು ಒಡೆದದ್ದನ್ನು ಮೊದಲು ಕಂಡವರು ನನ್ನ ಭಾವ. ಅಕ್ಕನ ಗಂಡ. ಅಚ್ಚಿನ ಕೋಣೆ ಅವರ ಸುಪರ್ದಿನಲ್ಲಿತ್ತು. ಬೆಳಿಗ್ಗೆ ಬೀಗ ತೆಗೆದವರು ಬಾಗಿಲಲ್ಲೇ ನಿಂತುಬಿಟ್ಟರು.

“ಗಡುವಮ್ಮ, ಬಾ ಇಲ್ಲಿ. ಯಾರೋ ಹೊಡೆದು ಹಾಕಿದಾರೆ.”

ಉಕ್ಕಿನ ಅಚ್ಚು ಮೇಜಿನ ಮೇಲಿತ್ತು. ಪಕ್ಕದಲ್ಲಿ ಸುತ್ತಿಗೆ ಬಿದ್ದಿತ್ತು. ಮಕ್ಕಳ ಹಾಲು ಬೆಚ್ಚಗಿಡುವ ವಿದ್ಯುತ್ ಪಾತ್ರೆ ನಮ್ಮ ಹೊಸ ಸರಕು. ಅದರ ಮುಚ್ಚಳ ತಯಾರಾಗುವುದು ಈ ಅಚ್ಚಿನಲ್ಲಿ. ಇದ್ದದ್ದು ಅದೊಂದೇ. ಅಚ್ಚಿಲ್ಲದಿದ್ದರೆ ಮುಚ್ಚಳವಿಲ್ಲ. ಮುಚ್ಚಳವಿಲ್ಲದಿದ್ದರೆ ಬಿಡುಗಡೆಯಿಲ್ಲ.

ಮಾರಾಟದ ಮುಖ್ಯಸ್ಥರು ಏದುಸಿರು ಬಿಡುತ್ತ ಬಂದರು. ಇವರನ್ನು ನಾವು ‘ಮಾತಿನಮಲ್ಲ’ ಎನ್ನುತ್ತೇವೆ.

“ಅಯ್ಯೋ ದೇವರೇ! ಹೋಗ್ಲಿ ಬಿಡಿ, ಬಿಡುಗಡೆ ಮುಂದಕ್ಕೆ ಹೋಗಿದೆಯಲ್ಲ. ಇನ್ನೊಂದು ಅಚ್ಚು ಮಾಡಿಸಿದ್ರಾಯ್ತು.”

ಅವರ ಹಿಂದೆ ವಿನ್ಯಾಸಕಾರ ನಿಂತಿದ್ದ. ಯಜಮಾನರ ಮಗಳ ಗಂಡ, ಅವರ ಮನೆಯಲ್ಲೇ ವಾಸ; ಇಡೀ ಕಾರ್ಖಾನೆಗೆ ಅವನು ‘ಅಳಿಯ’. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

“ಈ ವಾರ ಇನ್ನೇನೂ ಕೊಡೋಕಾಗಲ್ಲ,” ಎಂದ.

ಈ ವಾರ ಯಾರು ಕೇಳಿದರು? ನಿದ್ದೆಗೆಟ್ಟವನು ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡೆ. ನಿದ್ದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮೂರು ಹೊಸ ಸರಕು ಒಟ್ಟಿಗೆ ನಡೆಯುತ್ತಿದ್ದವು. ಯಾವುದು ಮೊದಲು ಎಂದರೆ ಯಜಮಾನರು “ಎಲ್ಲಾ ಮೊದಲೇ” ಎನ್ನುತ್ತಿದ್ದರು. ಹಿಂದಿನ ದಿನ ಮಧ್ಯಾಹ್ನ ಪರ ಊರಿನಿಂದ ಫೋನ್ ಮಾಡಿದ್ದರು. ಎಲ್ಲರಿಗೂ ಕೇಳುವಂತೆ ನಾನೇ ಫೋನ್ ಎತ್ತಿ ಹಿಡಿದಿದ್ದೆ. “ಪಾತ್ರೆ ಬಿಡುಗಡೆ ಮುಂದಕ್ಕೆ ಹೋಗಿದೆ, ತಿಳೀತಾ?” ಎಂದವರೇ ಇಟ್ಟುಬಿಟ್ಟರು. ನಾವು ಚಪ್ಪಾಳೆ ಹೊಡೆದೆವು. ಒಬ್ಬರಂತೂ ಅಲ್ಲೇ ಕುರ್ಚಿಯಲ್ಲಿ ನಿದ್ದೆ ಹೋದರು.

* * *

ಯಜಮಾನರು ಬಂದವರೇ ಕೂಗಾಡಿದರು.

“ಶುಕ್ರವಾರ ಬಿಡುಗಡೆ! ಅಚ್ಚೆಲ್ಲಿ? ಮುಚ್ಚಳ ಎಲ್ಲಿ?”

“ಶುಕ್ರವಾರ?” ಮಾತಿನಮಲ್ಲರಿಗೇ ಮಾತು ನಿಂತುಹೋಯಿತು. “ಮುಂದಕ್ಕೆ ಹೋಗಿದೆ ಅಂದ್ರಲ್ಲ ಸಾರ್!”

“ಹೂಂ, ಮುಂದಕ್ಕೆ! ಸಾಲಲ್ಲಿ ನಿಂತವನು ಮುಂದಕ್ಕೆ ಹೋದ್ರೆ ಬೇಗ ಸಿಗುತ್ತೋ, ತಡವಾಗುತ್ತೋ? ಮುಂದಿನ ತಿಂಗಳದ್ದನ್ನ ಈ ವಾರಕ್ಕೆ ತಂದೆ.”

“ಅದನ್ನ ಹಿಂದಕ್ಕೆ ತಂದೆ ಅಂತಾರೆ ಸಾರ್.”

“ಹಿಂದಕ್ಕೆ ಹೋಗೋ ಅಭ್ಯಾಸ ನನಗಿಲ್ಲ! ಮೊಮ್ಮಗುವಿಗೆ ವೇದಿಕೆ ಮೇಲೇ ಮೊದಲ ಹಾಲು ಅಂತ ಪತ್ರಿಕೆಯವರಿಗೆಲ್ಲ ಹೇಳಿಯಾಗಿದೆ.”

ಆಮೇಲೆ ಅವರ ಕಣ್ಣು ಭಾವನ ಮೇಲೆ ಬಿತ್ತು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಎರಡು. ಒಂದು ಭಾವನ ಸೊಂಟದಲ್ಲಿ. “ಇನ್ನೊಂದು ನನ್ನ ಮನೆ ಬೀರುವಿನಲ್ಲಿದೆ,” ಎಂದರು ಯಜಮಾನರು. ಸಾಲದ್ದಕ್ಕೆ, ತಮ್ಮ ಮಗಳ ಆಪರೇಷನ್ನಿಗೆ ರಜೆ ಸಿಗದಿದ್ದಾಗ ಭಾವ “ಈ ಅಚ್ಚಿಗೆ ಬೆಂಕಿ ಬೀಳ” ಎಂದದ್ದನ್ನು ಹತ್ತಾರು ಜನ ಕೇಳಿದ್ದರು.

“ಸಂಜೆವರೆಗೂ ಗಡುವು. ಒಪ್ಕೊಂಡ್ರೆ ಸರಿ. ಇಲ್ಲಾಂದ್ರೆ ಪೊಲೀಸರು.”

ಭಾವ ನನ್ನ ಕಡೆ ನೋಡಿದರು. “ನಿಮ್ಮಕ್ಕನಿಗೆ ಈಗಲೇ ಹೇಳ್ಬೇಡ. ಮಗಳ ಜೊತೆ ಆಸ್ಪತ್ರೆಯಲ್ಲಿದಾಳೆ,” ಎಂದರು. ಅಷ್ಟೇ.

* * *

ಭಾವನನ್ನು ಕರೆದುಕೊಂಡು ಮತ್ತೆ ಅಚ್ಚಿನ ಕೋಣೆಗೆ ಹೋದೆ.

“ಭಾವ, ಸಿಟ್ಟಲ್ಲಿ ಹೊಡೆಯೋರು ಎಲ್ಲಿ ಹೊಡೀತಾರೆ?”

“ಎಲ್ಲೆಂದರಲ್ಲಿ. ಸಿಟ್ಟಿಗೇನು ಕಣ್ಣಿದೆಯಾ?”

ಈ ಹೊಡೆತಕ್ಕೆ ಕಣ್ಣಿತ್ತು. ಅಚ್ಚಿನ ಉಳಿದ ಭಾಗಕ್ಕೆ ಒಂದು ಗೀರೂ ಇಲ್ಲ. ಮುಚ್ಚಳದ ಕೊಂಡಿ ಮೂಡುವ ಮೂಲೆ ಮಾತ್ರ ಜಜ್ಜಿಹೋಗಿತ್ತು.

ಕೊಂಡಿ ಎಂದರೆ ನೆನಪಾಗುವುದು ಕುದಿಯಕ್ಕ. ಸರಕು ಪರೀಕ್ಷಿಸುವವಳು. ದಿನವಿಡೀ ನೀರು ಕುದಿಸುವ ಹೆಂಗಸು. ಬಿಸಿಯಾದಾಗ ಕೊಂಡಿ ಸಡಿಲವಾಗುತ್ತದೆ, ಸಮಯ ಕೊಡಿ ಎಂದು ಗೋಗರೆದಿದ್ದಳು. ಪ್ರತಿ ಸಲವೂ ಅವಳ ಪರೀಕ್ಷೆಯನ್ನೇ ಮೊಟಕು ಮಾಡುತ್ತಿದ್ದರು. ಅವಳ ಕೋಣೆಗೆ ನಡೆದೆ.

“ನಾನು ಒಡೆದ್ನಾ ಅಂತ ಕೇಳೋಕೆ ಬಂದ್ಯಾ?” ಎಂದಳು, ತಿರುಗಿ ನೋಡದೆ.

“ಕೇಳ್ಲೇಬೇಕಲ್ಲ ಅಕ್ಕ.”

“ಒಡೀಬೇಕು ಅನ್ಸಿತ್ತು. ಒಡೀಲಿಲ್ಲ. ಇಲ್ನೋಡು.”

ಗೋಡೆಯುದ್ದಕ್ಕೂ ಮಾದರಿ ಪಾತ್ರೆಗಳು ಕಾಯುತ್ತಿದ್ದವು. ಹಗಲೂ ರಾತ್ರಿ ವಾರಗಟ್ಟಲೆ ಕಾಯಿಸುವ ದೊಡ್ಡ ಪರೀಕ್ಷೆ. ಹಿಂದಿನ ದಿನ, ಫೋನ್ ಬಂದ ಮೇಲೆ ಶುರು ಮಾಡಿದ್ದಳಂತೆ.

“ಮುಂದಕ್ಕೆ ಹೋಯ್ತು ಅಂದ ತಕ್ಷಣ ಒಲೆ ಹಚ್ಚಿದೆ. ಎಷ್ಟು ದಿನದಿಂದ ಕಾಯ್ತಿದ್ದೆ, ಮಹರಾಯ್ತಿ!”

ಅಲ್ಲಿಂದ ಹೊರಬಂದು ಮೆಟ್ಟಿಲ ಮೇಲೆ ಕೂತೆ. ತಲೆಯಲ್ಲಿ ಏನೋ ಕೊರೆಯುತ್ತಿತ್ತು. ಮಾತಿನಮಲ್ಲರು ಬಂದು ಪಕ್ಕದಲ್ಲಿ ಕುಸಿದರು.

“ಯಜಮಾನರ ‘ಮುಂದಕ್ಕೆ’ ನನಗೆ ಗೊತ್ತಿರ್ಬೇಕಿತ್ತು ಗಡುವಮ್ಮ. ಅಳಿಯನ ಮದುವೆಯಲ್ಲೂ ಇದೇ ಆಗಿತ್ತು. ‘ಮದುವೆ ಒಂದು ದಿನ ಮುಂದಕ್ಕೆ ಹೋಗಿದೆ’ ಅಂದ್ರು. ಉಡುಗೊರೆ ಹಿಡ್ಕೊಂಡು ಹೋಗ್ತೀನಿ, ಶಾಮಿಯಾನ ಬಿಚ್ತಾ ಇದ್ರು! ಅದೇ ಮಾತು ನಂಬಿ ಗಂಡಿನ ಚಿಕ್ಕಪ್ಪನೇ ಬಂದಿರ್ಲಿಲ್ವಂತೆ.”

ಅವರು ನಕ್ಕರು. ನನಗೆ ನಗು ಬರಲಿಲ್ಲ.

* * *

ಸಂಜೆ ಯಜಮಾನರ ಕೋಣೆಯಲ್ಲಿ ಎಲ್ಲರೂ ಸೇರಿದರು. ಫೋನ್ ಅವರ ಕೈಯಲ್ಲೇ ಇತ್ತು. ನಾನು ಎದ್ದುನಿಂತೆ.

“ಸಾರ್, ಒಂದು ಮಾತು. ಅಚ್ಚು ಒಡೆದವರಿಗೆ ಅವಸರ ಇತ್ತು. ಆದರೆ ನಿನ್ನೆ ಸಂಜೆ ನಮಗ್ಯಾರಿಗೂ ಅವಸರ ಇರ್ಲಿಲ್ಲ. ಬಿಡುಗಡೆ ದೂರ ಹೋಯ್ತು ಅಂತ ತಿಳಿದಿದ್ವಿ. ಭಾವನಿಗೆ ಇನ್ನು ರಜೆ ಸಿಗುತ್ತೆ ಅನ್ನೋ ಧೈರ್ಯ ಬಂದಿತ್ತು. ನಿನ್ನೆಯೇ ಅಕ್ಕನಿಗೆ ಫೋನ್ ಮಾಡಿ ‘ನಾನೂ ಬರ್ತೀನಿ’ ಅಂದಿದ್ರು. ಕುದಿಯಕ್ಕ ದೊಡ್ಡ ಪರೀಕ್ಷೆಗೆ ಒಲೆ ಹಚ್ಚಿದ್ರು. ಶುಕ್ರವಾರ ಬಿಡುಗಡೆ ಅಂತ ಗೊತ್ತಿದ್ರೆ ಹಚ್ತಿದ್ರಾ? ಇವರಿಬ್ಬರಿಗೂ ಒಡೆಯೋ ಕಾರಣವೇ ಉಳಿದಿರ್ಲಿಲ್ಲ.”

“ಮತ್ತೆ ಯಾರು?”

“ನಿಮ್ಮ ‘ಮುಂದಕ್ಕೆ’ ಅಂದ್ರೆ ಹತ್ತಿರಕ್ಕೆ ಅಂತ ಗೊತ್ತಿದ್ದೋರು. ಆ ಮಾತಿನಿಂದ ಒಮ್ಮೆ ಪೆಟ್ಟು ತಿಂದಿದ್ದೋರು. ಬೆಳಿಗ್ಗೆ ನೀವಿನ್ನೂ ಬಂದಿರ್ಲಿಲ್ಲ. ಆಗಲೇ ಒಬ್ಬರು ‘ಈ ವಾರ ಕೊಡೋಕಾಗಲ್ಲ’ ಅಂದ್ರು. ಇನ್ನೊಂದು ಕೀಲಿ ನಿಮ್ಮ ಮನೇಲಿದೆ ಅಂದ್ರಿ. ಆ ಮನೇಲಿ ನೀವೊಬ್ಬರೇ ಇರೋದಲ್ಲವಲ್ಲ, ಸಾರ್.”

ಯಜಮಾನರು ಕಿಟಕಿಯ ಕಡೆ ತಿರುಗಿದರು.

“ನಾನೇ,” ಎಂದ ಅಳಿಯ. ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ.

“ಯಾಕಯ್ಯಾ? ನಿನ್ನದೇ ವಿನ್ಯಾಸ. ನಿನ್ನದೇ ಹೆಸರು!”

“ಕೊಂಡಿ ನಿಲ್ಲಲ್ಲ ಮಾವ. ಬಿಸಿಯಾದ್ರೆ ಮುಚ್ಚಳ ಹಾರುತ್ತೆ. ಎರಡು ಸಲ ಹೇಳಿದೆ. ‘ಮುಂದಿನ ಮಾದರೀಲಿ ನೋಡೋಣ’ ಅಂದ್ರಿ. ವೇದಿಕೆ ಮೇಲೆ ಕೂರಿಸ್ತೀರಲ್ಲ, ಅದು ನನ್ನ ಮಗು.”

“ನಮಗಾದ್ರೂ ಹೇಳ್ಬೇಕಿತ್ತು,” ಎಂದಳು ಕುದಿಯಕ್ಕ. “ನಿನ್ನೆ ನಾವು ಚಪ್ಪಾಳೆ ಹೊಡೆದಾಗ ಬಾಯಿಬಿಡ್ಬೇಕಿತ್ತು.”

“ಹೇಳಿದ್ರೆ ಏನ್ಮಾಡ್ತಿದ್ರಿ? ನಿದ್ದೆ ಬಿಟ್ಟು ಮತ್ತೆ ಓಡ್ತಿದ್ರಿ. ಶುಕ್ರವಾರದೊಳಗೆ ಮುಗಿಸಿಬಿಡ್ತಿದ್ರಿ. ನನಗೆ ಭಯ ಆಗಿದ್ದು ಅದಕ್ಕೇ.”

ಅದು ನಿಜವಾಗಿತ್ತು.

ಭಾವ ಮಾತ್ರ ಅವನನ್ನೇ ನೋಡುತ್ತಿದ್ದರು. “ಅದು ಸರಿ ಕಣಪ್ಪ. ಬೆಳಿಗ್ಗೆಯಿಂದ ನನ್ನ ಮುಖ ನೋಡ್ತಾ ಸುಮ್ನಿದ್ಯಲ್ಲ?”

ಅಳಿಯ ತಲೆ ತಗ್ಗಿಸಿದ. ಯಜಮಾನರು ಫೋನನ್ನು ಮಗುಚಿಟ್ಟರು.

* * *

ಭಾವ ಅವತ್ತೇ ಆಸ್ಪತ್ರೆಗೆ ಹೋದರು. ಪೊಲೀಸರು ಬರಲಿಲ್ಲ. ಕುದಿಯಕ್ಕನ ಒಲೆ ಆರಲಿಲ್ಲ. ಕೆಲವೇ ದಿನಗಳಲ್ಲಿ ಒಂದೊಂದಾಗಿ ಮುಚ್ಚಳಗಳು ಹಾರತೊಡಗಿದವು. ಹೊಸ ಕೊಂಡಿ, ಹೊಸ ಅಚ್ಚು ಎಂದು ತೀರ್ಮಾನವಾಯಿತು. ಯಜಮಾನರು ನನ್ನನ್ನು ಕರೆದು, “ಬಿಡುಗಡೆ ಮುಂದಕ್ಕೆ...” ಎಂದು ತಡೆದು, “ತಡ ಮಾಡು,” ಎಂದರು.

ಅಳಿಯ ಈಗಲೂ ಅಲ್ಲೇ ಕೆಲಸ ಮಾಡುತ್ತಾನೆ. ಭಾವ ಅವನ ಜೊತೆ ಮಾತನಾಡುತ್ತಾರೆ, ಕೆಲಸಕ್ಕೆ ಬೇಕಾದಷ್ಟು. ಯಾರು ಒಡೆದರು, ಯಾಕೆ ಒಡೆದರು ಎಂಬುದನ್ನು ಹೇಗೋ ಕಂಡುಹಿಡಿದೆ. ಆದರೆ ಆ ಸಂಜೆ ನಾನು ಬಾಯಿ ತೆರೆಯದಿದ್ದರೆ, ಪೊಲೀಸರು ಬಂದು ಭಾವನ ಕೈ ಹಿಡಿದಿದ್ದರೆ, ಅವನು ಎದ್ದುನಿಂತು “ನಾನೇ” ಎನ್ನುತ್ತಿದ್ದನೇ? ಒಮ್ಮೆ ಅವನನ್ನೇ ಕೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಮತ್ತೆ ಹಾಕಿಕೊಂಡು ಕೆಲಸಕ್ಕೆ ತಿರುಗಿದ.

ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲವೇನೋ.